ಬೇಸ್ ಸೋಲೊ: ಎಂಟು ಬಾರ್ ಸಾಕು

ವೇದಿಕೆಯಲ್ಲಿ ಬೇಸ್ ಗಿಟಾರ್ ವಾದಕರು ಸೋಲೊ (ಒಂಟಿ ವಾದನ) ನುಡಿಸಬೇಕೇ? ಖಂಡಿತ ನುಡಿಸಿ, ಆದರೆ ಎಂಟು ಬಾರ್‌ಗಳಲ್ಲಿ, ಅಂದರೆ ತಾಳದ ಎಂಟು ಸುತ್ತುಗಳಲ್ಲಿ, ಮುಗಿಸಿ. ನೀವು ಮೇಲಿನ ಫ್ರೆಟ್‌ಗಳಿಗೆ (ಗಿಟಾರ್ ಕತ್ತಿನ ಮೇಲೆ ಎತ್ತರದ ಸ್ವರಗಳ ಪಟ್ಟಿಗಳಿಗೆ) ಏರಿದ ಕ್ಷಣವೇ ಹಾಡಿನ ತಳ ಖಾಲಿಯಾಗುತ್ತದೆ. ದಪ್ಪನೆಯ ಇ ತಂತಿಯ ಸುಮಾರು 41 ಹರ್ಟ್ಸ್‌ನ ಗುಡುಗನ್ನು ಗಿಟಾರ್ ತುಂಬಿಕೊಡಲಾರದು. ಹಾಗಾಗಿ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ನಿಲ್ಲದಂತೆ ಡ್ರಮ್ಮರ್ ಜೊತೆ ಮೊದಲೇ ಮಾತನಾಡಿಕೊಳ್ಳಿ. ಕೀಬೋರ್ಡ್ ಇದ್ದರೆ ಎಡಗೈ ಮೂಲ ಸ್ವರವನ್ನು ಹಿಡಿದಿರಲಿ. ಇಲ್ಲದಿದ್ದರೆ ಎರಡು ಬಾರ್‌ಗೊಮ್ಮೆ, ತಾಳದ ಮೊದಲ ಬೀಟ್‌ನಲ್ಲಿ, ನೀವೇ ಕೆಳಗಿಳಿದು ಅದನ್ನು ಮೀಟಿ ಬನ್ನಿ.

ಆಂಪ್‌ನಲ್ಲಿ (ಗಿಟಾರ್‌ನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಬೇಸ್ ಗುಂಡಿಯನ್ನು ತಿರುಗಿಸಬೇಡಿ, ಮಿಡ್ (ಮಧ್ಯದ ಸ್ವರಗಳ ಸದ್ದು) ತುಸು ಏರಿಸಿ. ಆಗ ಬೆರಳಿನ ಒಂದೊಂದು ಮೀಟೂ ಹಿಂದಿನ ಸಾಲಿಗೆ ಬಿಡಿಬಿಡಿಯಾಗಿ ಕೇಳಿಸುತ್ತದೆ.

ವೇಗ ತೋರಿಸುವ ಆಸೆ ಬೇಡ. ಹಾಡಿನ ಪಲ್ಲವಿಯನ್ನೇ ನಿಧಾನವಾಗಿ ನುಡಿಸಿದಾಗ ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ.