ಮಗು ಬೇಕು ಅಂದಾಗ ಮೊದಲು ಕುಡಿಯೋದು ಬಿಟ್ಟವನು ನಾನು

ಮಗು ಬೇಕು ಅಂತ ತೀರ್ಮಾನಿಸಿದಾಗ ಕುಡಿಯೋದನ್ನು ಬಿಡಬೇಕಾದವಳು ಹೆಂಡತಿ ಮಾತ್ರ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ಮೊದಲು ಬಿಟ್ಟವನು ನಾನು. ತ್ಯಾಗ ಗೀಗ ಏನೂ ಅಲ್ಲ, ಬರೀ ಲೆಕ್ಕ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಅಂದರೆ ಈ ತಿಂಗಳ ಪ್ರಯತ್ನಕ್ಕೆ ಬೇಕಾದ ಸರಕಿನ ಕೆಲಸ ಯಾವತ್ತೋ ಶುರುವಾಗಿರುತ್ತದೆ. ಜಾಸ್ತಿ ಕುಡಿಯುವವರಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಇಳಿಯಬಹುದು. ವೀರ್ಯಾಣುಗಳ ಸಂಖ್ಯೆ, ಆಕಾರ, ಓಟ ಮೂರೂ ಕೆಡಬಹುದು. ಬಿಟ್ಟರೆ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ.

ಬಿಡುವ ಮುಂಚೆ ಒಂದು ಕೆಲಸ ಮಾಡಿದೆ. ನಾನು ದಿನಾ ಕಣ್ಣಳತೆಯಲ್ಲಿ ಸುರಿಯುತ್ತಿದ್ದ ಪೆಗ್ಗನ್ನು ಔಷಧಿ ಬಾಟಲಿಯ ಮುಚ್ಚಳದಿಂದ ಅಳೆದೆ. 30 ಎಂಎಲ್ ಅಂದುಕೊಂಡಿದ್ದು 50 ದಾಟಿತ್ತು! ಇನ್ನೊಂದು ವಿಷಯ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇದ್ದರೆ, ಶೇಕಡಾ 5ರ 330 ಎಂಎಲ್ ಬಿಯರ್‌ನಲ್ಲಿ ಸುಮಾರು 13 ಗ್ರಾಂ ಇರುತ್ತದೆ. 'ಬಿಯರ್ ತಾನೇ' ಅನ್ನುವ ಮಾತು ನಮ್ಮನೆಯಲ್ಲಿ ಅಲ್ಲಿಗೆ ನಿಂತಿತು.

ದಿನಾ ಜೋರಾಗಿ ಕುಡಿಯುವವರು ಮಾತ್ರ ಒಂದೇ ಸಲಕ್ಕೆ ಬಿಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ನಡುಕ, ಫಿಟ್ಸ್ ಬರಬಹುದು.

ಹೆಂಡತಿಯದು ಬೇರೆ ಯೋಜನೆ. ಮುಟ್ಟು ಮುಗಿದ ಮೇಲೆ ಅಂಡ ಬಿಡುಗಡೆ ಆಗುವವರೆಗೆ ಒಂದು ಗ್ಲಾಸ್ ವೈನ್, ಆಮೇಲೆ ಬಂದ್. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅಂಡ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಜಾಸ್ತಿ ಕುಡಿದರೆ ಅದರ ದಿನವೂ ಏರುಪೇರಾಗಬಹುದು. ಬಸಿರಿನ ಟೆಸ್ಟ್ ಕಿಟ್‌ನಲ್ಲಿ ಎರಡು ಗೆರೆ ಬಂದ ಮೇಲೆ ಬಿಡ್ತೀನಿ ಅಂದರೂ ತಡವೇ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನಕ್ಕೆಲ್ಲ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಆಗ ಬಸಿರು ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಅವಳೂ ಪೂರ್ತಿ ಬಿಟ್ಟಳು. ಜೊತೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಶುರು.

ಬಸಿರಿನಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಯಾರ ಹತ್ತಿರವೂ ಇಲ್ಲ. ತಾಯಿ ಕುಡಿದದ್ದು ಮಾಸು ದಾಟಿ ಮಗುವಿಗೆ ಹೋಗುತ್ತದೆ. ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬಲಿತಿರುವುದಿಲ್ಲ. ಗರ್ಭಪಾತ, ತೂಕ ಕಮ್ಮಿ ಇರುವ ಮಗು, ಕಲಿಕೆ ಮತ್ತು ಗಮನದ ತೊಂದರೆಗಳ ಅಪಾಯ ಹೆಚ್ಚುತ್ತದೆ. ತಾಯಿ ಕುಡಿದದ್ದರಿಂದ ಮಗುವಿಗೆ ಹುಟ್ಟಿನಿಂದಲೇ ಬರುವ ತೀವ್ರ ತೊಂದರೆಗಳ ಗುಂಪಿಗೆ 1973ರಲ್ಲಿ ವೈದ್ಯರು ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಗೊತ್ತಾಗುವ ಮುಂಚೆ ಕುಡಿದಿದ್ದರೆ ಗಾಬರಿ ಬೇಡ. ಅವತ್ತೇ ನಿಲ್ಲಿಸಿ, ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ.

ನಿಜವಾಗಿ ಕಷ್ಟ ಆಗಿದ್ದು ಪಾರ್ಟಿಗಳಲ್ಲಿ. 'ಏನ್ ವಿಶೇಷ?' ಅಂತ ಶುರು ಮಾಡುತ್ತಾರೆ. ಅವಳು 'ಮಾತ್ರೆ ನಡೀತಿದೆ' ಅನ್ನುತ್ತಿದ್ದಳು. ಫೋಲಿಕ್ ಆಸಿಡ್ ಕೂಡ ಮಾತ್ರೆಯೇ, ಸುಳ್ಳೇನೂ ಅಲ್ಲ! ನಾನು ಹೋದ ಕೂಡಲೇ ಸೋಡಾ ಗ್ಲಾಸ್ ಹಿಡಿದುಬಿಡುತ್ತಿದ್ದೆ. ಕೈ ಖಾಲಿ ಇದ್ದರೆ ತಾನೇ ಬಲವಂತ ಮಾಡೋದು.

ಹೆರಿಗೆ ಆದ ಮೇಲೆ 'ಇನ್ನೇನು, ಕುಡಿಯಬಹುದಲ್ಲ' ಅಂದರು ಕೆಲವರು. ಆಲ್ಕೋಹಾಲ್ ಹಾಲಿಗೂ ಬರುತ್ತದೆ. ಹಾಲು ಹಿಂಡಿ ಚೆಲ್ಲಿದರೆ ಹೋಗುವುದಿಲ್ಲ, ರಕ್ತದಲ್ಲಿ ಇಳಿದಾಗಲೇ ಹಾಲಿನಲ್ಲೂ ಇಳಿಯುವುದು. ಕುಡಿದವರು ಮಗುವಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಲೂಬಾರದು. ಆ ನಿಯಮ ನನಗೂ ಸೇರಿ.