ಬೋಗಿಯಲ್ಲಿ ಎಷ್ಟು ಜನ? ತಲೆ ಎಣಿಸದೆ ಲೆಕ್ಕ ಹಾಕುವ ಬಗೆ

ಮೊದಲು ಗೇಟಿನ ಲೆಕ್ಕ ತೆಗೆದುಕೊಳ್ಳಿ. ನಮ್ಮ ಮೆಟ್ರೊದಲ್ಲಿ ಒಳಹೋಗಲೂ ಹೊರಬರಲೂ ಕಾರ್ಡೋ ಟೋಕನ್ನೋ ಕ್ಯೂಆರೋ ಬೇಕೇ ಬೇಕು. ಹಾಗಾಗಿ ಇಂದಿರಾನಗರದಲ್ಲಿ 9:02ಕ್ಕೆ ಹೊಕ್ಕವರು ಜಯನಗರದಲ್ಲಿ 9:45ಕ್ಕೆ ಹೊರಬಿದ್ದರು ಎಂಬ ಮಾಹಿತಿ ಪುಕ್ಕಟೆಯಾಗಿ ಸಿಗುತ್ತದೆ. ನ್ಯೂಯಾರ್ಕ್ ಸಬ್‌ವೇಗೆ ಈ ಸುಖವಿಲ್ಲ. ಅಲ್ಲಿ ಒಳಹೋಗುವಾಗ ಮಾತ್ರ ಕಾರ್ಡು; ಇಳಿದದ್ದೆಲ್ಲಿ ಎಂಬುದನ್ನು ಅದೇ ಕಾರ್ಡು ಮುಂದೆ ಎಲ್ಲಿ ಬಳಕೆಯಾಯಿತು ಎಂದು ನೋಡಿ ಊಹಿಸಬೇಕು.

ಇನ್ನು, ಅವರು ಹತ್ತಿದ್ದು ಯಾವ ರೈಲು? ಕಗ್ಗಂಟು ಇರುವುದು ಇಲ್ಲೇ. ಒಳಹೋದ ಸಮಯವನ್ನು ನೆಚ್ಚಬೇಡಿ. ಜನ ಪ್ಲಾಟ್‌ಫಾರಂನಲ್ಲಿ ಗೆಳೆಯರಿಗೆ ಕಾಯುತ್ತಾರೆ, ತುಂಬಿದ ರೈಲನ್ನು ಬಿಟ್ಟುಬಿಡುತ್ತಾರೆ. ಇಳಿದ ಮೇಲೆ ಮಾತ್ರ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ರೈಲು ಬಂದ ಸ್ವಲ್ಪ ಹೊತ್ತಿಗೇ ಗೇಟಿನಲ್ಲಿ ಒಮ್ಮೆಲೇ ಜನ ಹೊರಬೀಳುತ್ತಾರೆ. ಆ ಗುಂಪನ್ನು ಆ ರೈಲಿಗೆ ಬರೆದುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವಾಗ ನಡುವೆ ಗೇಟಿಲ್ಲವಾದ್ದರಿಂದ ಅದಕ್ಕೆ ಮುಂಚಿನ ರೈಲು ಅಂದಾಜೇ. ಲಂಡನ್ನಿನ ಪಾಡು ಇನ್ನೂ ಕಷ್ಟ. 2016ರಲ್ಲಿ ಅಲ್ಲಿ ಫೋನುಗಳ ವೈಫೈ ಸುಳಿವು ಹಿಡಿದು ನೋಡಿದಾಗ, ಕಿಂಗ್ಸ್ ಕ್ರಾಸ್‌ನಿಂದ ವಾಟರ್‌ಲೂಗೆ ಜನ ಕನಿಷ್ಠ 18 ದಾರಿಗಳಲ್ಲಿ ಹೋಗುತ್ತಿದ್ದರು!

ಗೇಟಿನ ಲೆಕ್ಕದಿಂದ ಬೋಗಿ ಬೋಗಿಯ ಕತೆ ತಿಳಿಯದು. ಅದಕ್ಕೆ ರೈಲನ್ನೇ ತೂಗಬೇಕು. ಹೊಸ ಬೋಗಿಗಳ ಕೆಳಗೆ ಗಾಳಿ ತುಂಬಿದ ಸ್ಪ್ರಿಂಗ್‌ಗಳಿರುತ್ತವೆ; ಜನ ಹತ್ತಿದಷ್ಟೂ ಒಳಗಿನ ಒತ್ತಡ ಏರುತ್ತದೆ. ಇದನ್ನು ಅಳೆಯುವ ವ್ಯವಸ್ಥೆ ಬಂದದ್ದು ಬ್ರೇಕಿಗಾಗಿ. ತುಂಬಿದ ಬೋಗಿಯನ್ನು ನಿಲ್ಲಿಸಲು ಹೆಚ್ಚು ಬಲ ಬೇಕಲ್ಲ. ಬಾಗಿಲು ಮುಚ್ಚಿದ ಮೇಲಿನ ತೂಕದಲ್ಲಿ ಖಾಲಿ ಬೋಗಿಯ ತೂಕ ಕಳೆಯಿರಿ. 6,500 ಕೆ.ಜಿ. ಉಳಿದರೆ, ತಲೆಗೆ 65 ಕೆ.ಜಿ.ಯಂತೆ 100 ಜನ. ಸೂಟ್‌ಕೇಸು, ಶಾಲಾಮಕ್ಕಳು ಈ ಲೆಕ್ಕ ಕೆಡಿಸುತ್ತಾರೆ. ಕೆಡಿಸಲಿ ಬಿಡಿ, ಹತ್ತುವವರಿಗೆ ಬೇಕಾದದ್ದು ಸೀಟಿದೆಯೋ, ನಿಲ್ಲಲು ಜಾಗವಿದೆಯೋ ಎಂಬುದಷ್ಟೇ. ಟೋಕಿಯೊದ ಯಾಮಾನೊತೆ ಮಾರ್ಗದಲ್ಲಿ ಇಂಥ ತೂಕದ ಲೆಕ್ಕವೇ ಪ್ರಯಾಣಿಕರ ಆ್ಯಪ್‌ನಲ್ಲಿ ಬೋಗಿವಾರು ಕಂಡಿದೆ.

ಸಂಖ್ಯೆಯನ್ನು ಜನರಿಗೆ ಅರ್ಥವಾಗುವಂತೆ ಹೇಳುವುದರಲ್ಲೂ ಜಪಾನಿನವರೇ ಜಾಣರು. ಬೋಗಿಗೆ ನಿಗದಿಯಾದಷ್ಟು ಜನ ಇದ್ದರೆ ಶೇ 100 ಎಂದಿಟ್ಟುಕೊಂಡು ಬಹುಕಾಲ ಅವರು ಹೇಳಿಕೊಂಡು ಬಂದ ಅಳತೆ ಹೀಗಿತ್ತು: ಶೇ 150 ಎಂದರೆ ಪತ್ರಿಕೆ ಬಿಡಿಸಿ ಓದಬಹುದು, ಶೇ 180 ಎಂದರೆ ಮಡಚಿ ಓದಬೇಕು, ಶೇ 250 ಎಂದರೆ ಕೈಯನ್ನೂ ಆಡಿಸಲಾಗದು.

ಕೊನೆಗೆ, ಮುಂದಿನ ನಿಲ್ದಾಣದಲ್ಲಿ ಎಷ್ಟು ಜನ ಇಳಿದಾರು ಎಂಬ ಊಹೆ. ಹಿಂದಿನ ವಾರಗಳ ಅದೇ ದಿನ, ಅದೇ ಹೊತ್ತಿನ ಗೇಟಿನ ಲೆಕ್ಕದ ಸರಾಸರಿ ಸಾಕು. ಚಿನ್ನಸ್ವಾಮಿಯಲ್ಲಿ ಪಂದ್ಯವಿರುವ ದಿನ ಮಾತ್ರ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಆ ಸರಾಸರಿ ಹಾಕಬೇಡಿ. ಆ ಹೊತ್ತಿನ ಗೇಟನ್ನೇ ನೋಡಿ.