ಎಕ್ಸ್‌ಎಂಎಲ್ ಫೈಲಿನ ಕಸ ತೆಗೆಯಿರಿ, ಕನ್ನಡ ಉಳಿಸಿಕೊಳ್ಳಿ

ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರ ಮಾಡುವ ಗೆಳೆಯರೊಬ್ಬರ ಅಂಗಡಿಯಲ್ಲಿ ನಡೆದದ್ದು. ಲೆಕ್ಕದ ಸಾಫ್ಟ್‌ವೇರಿನಿಂದ ತೆಗೆದ ಎಕ್ಸ್‌ಎಂಎಲ್ ಫೈಲ್ (ಮಾಹಿತಿಯನ್ನು ಗುರುತುಗಳ ನಡುವೆ ಬರೆದಿಡುವ ಪಠ್ಯ ಫೈಲ್) ಬೇರೆಲ್ಲೂ ತೆರೆಯಲಿಲ್ಲ. ಅಂಗಡಿಯ ಹುಡುಗ ಎಲ್ಲೋ ಸಿಕ್ಕಿದ ಕೋಡ್ ಓಡಿಸಿದ. ಇಂಗ್ಲಿಷ್ ಅಲ್ಲದ ಅಕ್ಷರವನ್ನೆಲ್ಲ ಅಳಿಸುವ ಕೋಡ್ ಅದು. ಫೈಲ್ ತೆರೆಯಿತು. ಆದರೆ ಬೆಳೆಗಾರರ ಹೆಸರಿದ್ದ ಜಾಗವೆಲ್ಲ ಖಾಲಿ!

ನಿಜವಾಗಿ ಅಳಿಸಬೇಕಾದ್ದು ತುಂಬಾ ಕಡಿಮೆ: ಎಕ್ಸ್‌ಎಂಎಲ್ ಒಪ್ಪದ ಕೆಲವು ಅಕ್ಷರ ಮಾತ್ರ.

ಮೊದಲು ಫೈಲಿನ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಎಲ್ಲ ಚಿಹ್ನೆ ತೋರಿಸುವ ಆಯ್ಕೆ ಒತ್ತಿ. ಕಣ್ಣಿಗೆ ಕಾಣದ ಅಕ್ಷರಗಳು ಕಪ್ಪು ಚೌಕಗಳಾಗಿ ಕಾಣುತ್ತವೆ. ಕೆಳಗೆ ಬಲಕ್ಕೆ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸಿರುವ ರೀತಿ) ಹೆಸರಿರುತ್ತದೆ. ಯುಟಿಎಫ್-8 ಅಥವಾ ಯುಟಿಎಫ್-16, ಯಾವುದೆಂದು ಬರೆದಿಟ್ಟುಕೊಳ್ಳಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫೈಲ್ ಓದುವಾಗ ಅದನ್ನೇ ಹೇಳಬೇಕು. ಹೇಳದಿದ್ದರೆ ವಿಂಡೋಸ್‌ನಲ್ಲಿ ಕನ್ನಡ ಕಲಸುಮೇಲೋಗರ ಆಗಬಹುದು.

ಈಗ ಮುಖ್ಯ ಕೆಲಸ. ಪ್ರತಿ ಅಕ್ಷರಕ್ಕೂ ಯೂನಿಕೋಡ್‌ನಲ್ಲಿ ಒಂದು ಸಂಖ್ಯೆ ಇದೆ. ಪೈಥಾನ್‌ನ ಆರ್ಡ್ ಫಂಕ್ಷನ್ ಅದನ್ನು ಕೊಡುತ್ತದೆ. ಎಕ್ಸ್‌ಎಂಎಲ್ 1.0 ಒಪ್ಪುವುದು ಇಷ್ಟನ್ನೇ: 9, 10, 13, ಆಮೇಲೆ 32ರಿಂದ 55295, 57344ರಿಂದ 65533, 65536ರಿಂದ 1114111. ಅಕ್ಷರಗಳನ್ನು ಒಂದೊಂದಾಗಿ ನೋಡುತ್ತಾ ಈ ಪಟ್ಟಿಯಲ್ಲಿ ಇದ್ದದ್ದನ್ನು ಇಟ್ಟುಕೊಳ್ಳಿ, ಇಲ್ಲದ್ದನ್ನು ಬಿಡಿ. ಕನ್ನಡದ ಜಾಗ 3200ರಿಂದ 3327, ಅಂದರೆ ಪೂರ್ತಿ ಸುರಕ್ಷಿತ. 11ನ್ನು ಮಾತ್ರ ಸುಮ್ನೆ ಅಳಿಸಬೇಡಿ, ಅದರ ಜಾಗದಲ್ಲಿ ಖಾಲಿ ಜಾಗ ಹಾಕಿ. ವರ್ಡ್‌ನಲ್ಲಿ ಶಿಫ್ಟ್ ಹಿಡಿದು ಎಂಟರ್ ಒತ್ತಿದಾಗ ಹುಟ್ಟುವ ಅಕ್ಷರ ಅದು. ಅಳಿಸಿದರೆ ಎರಡು ಪದ ಅಂಟಿಕೊಳ್ಳುತ್ತವೆ.

ಗೆಳೆಯರ ಫೈಲ್ ಇಷ್ಟಾದರೂ ತೆರೆಯಲಿಲ್ಲ. ಅದರೊಳಗೆ  ಎಂದು ಬರೆದಿತ್ತು. ಇಲ್ಲಿರುವ ಒಂದೊಂದು ಗುರುತೂ ಒಪ್ಪಿತವೇ. ಆದರೆ ಒಟ್ಟಾಗಿ ಅದರ ಅರ್ಥ '4ನೇ ಅಕ್ಷರ'. ಅದು ನಿಷಿದ್ಧ. ನಮ್ಮ ಜರಡಿಗೆ ಇದು ಸಿಕ್ಕುವುದಿಲ್ಲ. ಹಾಗಾಗಿ &#[0-9]+; ಎಂಬ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ (ಹುಡುಕುವ ಮಾದರಿ) ಹುಡುಕಿ, ಒಳಗಿನ ಸಂಖ್ಯೆಯನ್ನು ಅದೇ ಪಟ್ಟಿಗೆ ಹೋಲಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಇಡೀ ತುಂಡನ್ನೇ ತೆಗೆಯಿರಿ. ಇದೇ ತುಂಡು ಹೆಕ್ಸ್ (16ರ ಆಧಾರದ ಸಂಖ್ಯೆ) ರೂಪದಲ್ಲೂ ಬರಬಹುದು, ಅದನ್ನೂ ನೋಡಿ.

ಅಂಗಡಿ ಹೆಸರಿನ ನಡುವೆ ಬರುವ ಒಂಟಿ & ಕೂಡ ಫೈಲ್ ತೆರೆಯದಂತೆ ಮಾಡುತ್ತದೆ. ಆದರೂ ಅಳಿಸಬೇಡಿ. ಅದು ಹೆಸರಿನದೇ ಭಾಗ ಅಲ್ವಾ? & ಎಂದು ಬದಲಿಸಿದರೆ ಸಾಕು.

ಇನ್ನೊಂದು ಮಾತು, ಕನ್ನಡದವರಿಗೆ ಇದು ಮುಖ್ಯ. 8204 ಮತ್ತು 8205 ಸಂಖ್ಯೆಯ ಎರಡು ಅಕ್ಷರಗಳು ಕಣ್ಣಿಗೆ ಕಾಣುವುದಿಲ್ಲ. ಕಸ ಎಂದುಕೊಂಡು ಇವನ್ನೂ ಅಳಿಸುವವರೇ ಜಾಸ್ತಿ. 8204 ಹೋದರೆ 'ಎಸ್ಟೇಟ್‌ನಲ್ಲಿ' ಎಂಬುದು 'ಎಸ್ಟೇಟ್ನಲ್ಲಿ' ಆಗುತ್ತದೆ. 8205 ಹೋದರೆ 'ರ‍್ಯಾಂಕ್' ಎಂಬುದು ಅರ್ಕಾವತ್ತು ಹೊತ್ತು 'ರ್ಯಾಂಕ್' ಆಗುತ್ತದೆ. ಎಕ್ಸ್‌ಎಂಎಲ್ ಇವೆರಡನ್ನೂ ಒಪ್ಪುತ್ತದೆ. ನಾವ್ಯಾಕೆ ಕಿತ್ತುಹಾಕಬೇಕು?

ಹೊಸ ಹೆಸರಿನಲ್ಲಿ ಉಳಿಸಿ, ಪೈಥಾನ್‌ನ ಎಲಿಮೆಂಟ್‌ಟ್ರೀ ಎಂಬ ಎಕ್ಸ್‌ಎಂಎಲ್ ಓದುವ ಸಾಧನದಿಂದ ತೆರೆದು ನೋಡಿ. ತಪ್ಪು ಉಳಿದಿದ್ದರೆ ಯಾವ ಸಾಲು, ಯಾವ ಕಾಲಂ ಎಂದು ಅದೇ ಹೇಳುತ್ತದೆ. ತೆರೆದರೆ, ಹಳೆಯ ಮತ್ತು ಹೊಸ ಫೈಲಿನಲ್ಲಿ 8204 ಹಾಗೂ 8205 ಎಷ್ಟೆಷ್ಟಿವೆ ಎಂದು ಎಣಿಸಿ. ಎರಡೂ ಕಡೆ ಅಷ್ಟೇ ಇರಬೇಕು.